ಹಳೇ ಹೆವಿ ಡ್ಯೂಟಿ ಪಿಕಪ್ ಕೊಳ್ಳುವ ಮುಂಚೆ ಅದರ ಕೆಳಗೆ ಮಲಗಿ ನೋಡಿ

ಪ್ರಶ್ನೆ: ತುಂಬಿದಾಗ ಮೂರೂವರೆ ಟನ್ ತೂಗುವ ಟ್ರೇಲರ್ ಎಳೆಯಲು ಒಂದು ಹಳೇ ಡೀಸೆಲ್ ಪಿಕಪ್ ಹುಡುಕುತ್ತಿದ್ದೇನೆ. ಮೂರು ಗಾಡಿ ನೋಡಿದ್ದೇನೆ. ಒಂದು 2000ರ ಫೋರ್ಡ್ ಎಫ್-250, 7.3 ಲೀಟರ್ ಎಂಜಿನ್. ಇನ್ನೊಂದು 2001ರ ಡಾಡ್ಜ್ ರಾಮ್ 2500, 5.9 ಲೀಟರ್ ಕಮಿನ್ಸ್. ಮೂರನೆಯದು 2004ರ ಎಫ್-250, 6.0 ಲೀಟರ್. ಮೂರೂ ಫೋರ್ ವೀಲ್ ಡ್ರೈವ್, ಆಟೊಮ್ಯಾಟಿಕ್. ಮೂರನೆಯದೇ ಕಡಿಮೆ ಓಡಿದ್ದು, ಬೆಲೆಯೂ ಕಡಿಮೆ. '7.3 ಅಂದ್ರೆ ಹತ್ತು ಲಕ್ಷ ಮೈಲಿ ಓಡುತ್ತೆ, 6.0 ಮುಟ್ಟಲೇಬೇಡ' ಅಂತ ಎಲ್ಲರೂ ಹೇಳುತ್ತಾರೆ. ನಿಜವಾ? ಕೊಂಡ ಮೇಲೆ ಮೊದಲು ಏನು ರಿಪೇರಿ ಮಾಡಿಸಬೇಕು? 6.0 ತಗೊಂಡರೆ ಹೆಡ್ ಸ್ಟಡ್ (ಸಿಲಿಂಡರ್ ಹೆಡ್ಡನ್ನು ಬೋಲ್ಟಿಗಿಂತ ಗಟ್ಟಿಯಾಗಿ ಬಿಗಿಯುವ ಕಡ್ಡಿಗಳು) ಈಗಲೇ ಹಾಕಿಸಿಬಿಡಲಾ? ನಾವಿರುವ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎಂಜಿನ್ ವಿಷಯವೇ ತುಂಬಿದೆ. ನನ್ನ ಕಣ್ಣು ಹೋಗಿದ್ದು ಕೊನೆಯ ಸಾಲಿಗೆ. ರಸ್ತೆಗೆ ಉಪ್ಪು ಹಾಕುವ ಊರಲ್ಲಿ ಇಪ್ಪತ್ತು ವರ್ಷ ಓಡಿದ ಗಾಡಿ ಅಂದರೆ ಮೊದಲು ನೋಡಬೇಕಾದ್ದು ತುಕ್ಕು. ಈ ಮೂರೂ ಎಂಜಿನ್‌ಗಳಿಗೆ ಎಲ್ಲೆಲ್ಲಿ ಕಾಯಿಲೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಪಾರ್ಟು ಸಿಗುತ್ತದೆ, ಕೆಲಸ ಗೊತ್ತಿದ್ದವರೂ ಸಿಗುತ್ತಾರೆ. ಫ್ರೇಮ್ ಕೊಳೆತಿದ್ದರೆ ಮಾತ್ರ ಗಾಡಿಯ ಆಯಸ್ಸು ಮುಗಿದ ಹಾಗೆ.

ಅದಕ್ಕೇ ಹೋಗುವಾಗ ಒಂದು ಟಾರ್ಚು, ಒಂದು ಸಣ್ಣ ಸುತ್ತಿಗೆ, ಮಲಗಲು ಒಂದು ಹಳೇ ಚಾಪೆ ಇಟ್ಟುಕೊಳ್ಳಿ. ಹಿಂದಿನ ಆಕ್ಸಲ್ ಮೇಲೆ ಫ್ರೇಮ್ ಬಾಗುವ ಜಾಗ, ಕ್ಯಾಬ್ ಕೂರುವ ಮೌಂಟುಗಳ ಸುತ್ತ, ಸ್ಪ್ರಿಂಗ್ ಕೂರುವ ಜಾಗ, ಇಷ್ಟನ್ನು ತಟ್ಟಿ ನೋಡಿ. ಒಳ್ಳೇ ಉಕ್ಕು ಠಣ್ ಅನ್ನುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ, ಪದರ ಪದರವಾಗಿ ಉದುರುತ್ತದೆ. ಮೇಲುಮೇಲೆ ಕೆಂಪಾಗಿದ್ದರೆ ಚಿಂತೆಯಿಲ್ಲ, ಪದರ ಎದ್ದಿದ್ದರೆ ಬೇಡ. ಮಾರುವ ಮುಂಚೆ ಹೊಸದಾಗಿ ಕಪ್ಪು ಬಳಿದ ತಳ ಕಂಡರೆ ಇನ್ನೂ ಜೋರಾಗಿ ತಟ್ಟಿ. ಈ ಕಾಲದ ಫೋರ್ಡ್ ಸೂಪರ್ ಡ್ಯೂಟಿಗಳಲ್ಲಿ ಹಿಂದಿನ ಲೀಫ್ ಸ್ಪ್ರಿಂಗ್ ಹ್ಯಾಂಗರು ಮತ್ತು ಶ್ಯಾಕಲ್ಲು ಕೊಳೆಯುವುದು ಮಾಮೂಲು. ಅದೊಂದೇ ಆದರೆ ಹೆದರಬೇಡಿ. ರಿವೆಟ್ ಕತ್ತರಿಸಿ ಹೊಸದನ್ನು ಬೋಲ್ಟಿನಲ್ಲಿ ಕೂರಿಸಬಹುದು. ಅದರ ಹಿಂದಿರುವ ಫ್ರೇಮ್ ಗಟ್ಟಿ ಇರಬೇಕು, ಅಷ್ಟೇ.

ಬ್ರೇಕ್ ಪೈಪು ಇನ್ನೂ ಮುಖ್ಯ. ಉಕ್ಕಿನ ಸಣ್ಣ ಪೈಪುಗಳು ಫ್ರೇಮಿನ ಪಕ್ಕ ಕ್ಲಿಪ್ಪಿನಲ್ಲಿ ಕೂತಿರುತ್ತವೆ. ಕೊಳೆಯುವುದು ಆ ಕ್ಲಿಪ್ಪಿನ ಒಳಗೇ, ಹೊರಗಿಂದ ನೋಡಿದರೆ ಕಾಣುವುದಿಲ್ಲ. ಗಾಡಿ ಓಡಿಸಿ ನೋಡುವ ಮುಂಚೆ ನಿಂತಲ್ಲೇ ಎಂಜಿನ್ ಆನ್ ಮಾಡಿ, ಪೆಡಲನ್ನು ಶಕ್ತಿ ಇದ್ದಷ್ಟು ತುಳಿದು ಅರ್ಧ ನಿಮಿಷ ಹಿಡಿಯಿರಿ. ಪೆಡಲು ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ. ಒಡೆಯುವುದಿದ್ದರೆ ಅಲ್ಲೇ ಒಡೆಯಲಿ ಬಿಡಿ, ಹೈವೇನಲ್ಲಿ ಟ್ರೇಲರ್ ಹಿಂದಿದ್ದಾಗ ಬೇಡ. ಹೊಸದು ಹಾಕುವಾಗ ತಾಮ್ರ-ನಿಕ್ಕಲ್ ಮಿಶ್ರಣದ ಪೈಪು ಹಾಕಿಸಿ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ. ಕೊಳೆತ ಜಾಗ ಮಾತ್ರ ಕತ್ತರಿಸಿ ಕಂಪ್ರೆಷನ್ ಫಿಟ್ಟಿಂಗಿನಲ್ಲಿ ತೇಪೆ ಹಾಕುವವರಿದ್ದಾರೆ. ಬ್ರೇಕಿಗೆ ಆ ಕೆಲಸ ಬೇಡವೇ ಬೇಡ. ಪೈಪಿನ ತುದಿಯನ್ನು ಅಗಲಿಸಿ ಎರಡು ಪದರ ಮಡಚಿ, ಅಂದರೆ ಡಬಲ್ ಫ್ಲೇರ್ ಮಾಡಿಯೇ ಸೇರಿಸಬೇಕು. ತಳದಲ್ಲಿ ಇರುವಾಗಲೇ ಡೀಸೆಲ್ ಪೈಪು, ಗೇರ್ ಆಯಿಲ್ ಕೂಲರಿನ ಪೈಪುಗಳನ್ನೂ ನೋಡಿಬಿಡಿ.

ಸ್ಟಿಯರಿಂಗ್ ಪರೀಕ್ಷೆಗೆ ಜೊತೆಗೊಬ್ಬರು ಬೇಕು. ಎಂಜಿನ್ ಆನ್ ಇರಲಿ, ಚಕ್ರ ನೆಲದ ಮೇಲೇ ಇರಲಿ. ಅವರು ಸ್ಟಿಯರಿಂಗನ್ನು ಸ್ವಲ್ಪ ಸ್ವಲ್ಪ ಎಡಕ್ಕೂ ಬಲಕ್ಕೂ ಆಡಿಸಲಿ. ನೀವು ಕೆಳಗೆ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಡಿ. ಎಲ್ಲಿ ಟಕ್ ಅನ್ನುತ್ತದೋ ಅಲ್ಲಿ ಸವೆದಿದೆ. ರಾಮ್‌ನಲ್ಲಿ ಮುಂದಿನ ಟ್ರ್ಯಾಕ್ ಬಾರ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸರಳು) ಮೊದಲ ಅನುಮಾನ, ಆಮೇಲೆ ಬಾಲ್ ಜಾಯಿಂಟು, ಸ್ಟಿಯರಿಂಗ್ ಬಾಕ್ಸು. ಒಂದು ಗುಂಡಿ ಹಾರಿದ ತಕ್ಷಣ ಇಡೀ ಮುಂಭಾಗ ಥರಥರ ನಡುಗಲು ಶುರುವಾಗಿ, ವೇಗ ಪೂರ್ತಿ ಇಳಿಸುವವರೆಗೂ ನಿಲ್ಲುವುದಿಲ್ಲವಲ್ಲ, ಅದರ ಮೂಲ ಇಲ್ಲೇ. ಅದಕ್ಕೆ ಹೊಸ ಸ್ಟಿಯರಿಂಗ್ ಡ್ಯಾಂಪರ್ ಹಾಕಿ ಮುಚ್ಚಿಡುವುದುಂಟು. ಹಳೇ ಗಾಡಿಯಲ್ಲಿ ಡ್ಯಾಂಪರೊಂದೇ ಫಳಫಳ ಹೊಳೆಯುತ್ತಿದ್ದರೆ ಯಾಕೆ ಅಂತ ಕೇಳಿ.

ಇನ್ನು ಎಂಜಿನ್. ನೋಡಲು ಬರುತ್ತೇನೆ ಅಂತ ಫೋನ್ ಮಾಡುವಾಗಲೇ 'ದಯವಿಟ್ಟು ಬೆಳಗ್ಗೆಯಿಂದ ಸ್ಟಾರ್ಟ್ ಮಾಡಬೇಡಿ' ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಹಳೇ ಡೀಸೆಲ್ಲಿನ ಅರ್ಧ ಗುಟ್ಟು ತಣ್ಣಗಿನ ಸ್ಟಾರ್ಟಿನಲ್ಲೇ ಬಯಲಾಗುತ್ತದೆ.

ಅದಕ್ಕೂ ಮುಂಚೆ ಬ್ಯಾಟರಿ ನೋಡಿ. ಈ ಮೂರು ಗಾಡಿಗೂ ಎರಡೆರಡು ಬ್ಯಾಟರಿ. ಒಂದು ಸತ್ತರೆ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆ. ಕೇಬಲ್ ಬಿಚ್ಚಿ ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಬೇಕು, ಬದಲಾಯಿಸುವುದಾದರೆ ಜೋಡಿಯಾಗಿ ಬದಲಾಯಿಸಬೇಕು. ಚಾರ್ಜ್ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯೋ ಕೇಬಲ್ಲೋ ಸರಿಯಿಲ್ಲ. ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಆದರೆ 'ಪಂಪು ಹೋಗಿದೆ, ಇಂಜೆಕ್ಟರ್ ಹೋಗಿದೆ' ಅಂತ ದೊಡ್ಡ ಬಿಲ್ಲು ಮಾಡಿಸಿಕೊಂಡ ಎಷ್ಟೋ ಗಾಡಿಗಳ ತೊಂದರೆ ತುಕ್ಕು ಹಿಡಿದ ಗ್ರೌಂಡ್ ವೈರಿನಲ್ಲೇ ಇರುತ್ತದೆ. ಫೋರ್ಡಿನ 6.0ಕ್ಕಂತೂ ಸೋತ ಬ್ಯಾಟರಿ ವಿಷವೇ ಸರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು 7.3. ಇದನ್ನು ನ್ಯಾವಿಸ್ಟಾರ್ ಕಂಪನಿ ಫೋರ್ಡಿಗೆ ಮಾಡಿಕೊಟ್ಟದ್ದು, 2003ರವರೆಗೆ ಬಂತು. ಗಟ್ಟಿ ಎಂಜಿನ್ ಅನ್ನುವ ಹೆಸರು ಸುಳ್ಳಲ್ಲ. ಆದರೆ ಒಳಗಿನ ಕಬ್ಬಿಣ ಗಟ್ಟಿ ಇದೆ ಅಂತ ಮೇಲಿನ ವೈರು, ಸೆನ್ಸರು, ರಬ್ಬರ್ ರಿಂಗುಗಳಿಗೂ ಅದೇ ಆಯಸ್ಸು ಇರುವುದಿಲ್ಲ. ಇದರಲ್ಲಿ ಇಂಜೆಕ್ಟರ್ ಕೆಲಸ ಮಾಡುವುದು ಎಂಜಿನ್ ಆಯಿಲ್ಲಿನ ಒತ್ತಡದಿಂದ. ಒಂದು ಪಂಪು ಆಯಿಲನ್ನು ಜೋರಾಗಿ ಒತ್ತಿ ಇಂಜೆಕ್ಟರಿಗೆ ಕೊಡುತ್ತದೆ. ಆ ಒತ್ತಡ ಸುಮಾರು 500 ಪಿಎಸ್‌ಐ ಮುಟ್ಟುವ ತನಕ ಎಷ್ಟು ಸೆಲ್ಫ್ ಹೊಡೆದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಹಾಗಾಗಿ ಆಯಿಲ್ ಕಮ್ಮಿ ಇದ್ದರೆ, ಹಳೇದಾಗಿದ್ದರೆ, ಒಳಗೆಲ್ಲೋ ಓ-ರಿಂಗ್ ಸೋರುತ್ತಿದ್ದರೆ, ಎಲ್ಲವೂ 'ಸ್ಟಾರ್ಟಿಂಗ್ ಟ್ರಬಲ್' ಆಗಿಯೇ ಕಾಣುತ್ತದೆ. ಈ ಎಂಜಿನ್ ಸುಮಾರು 14 ಲೀಟರ್ ಆಯಿಲ್ ಹಿಡಿಯುತ್ತದೆ. ಅಷ್ಟು ದುಡ್ಡು ಯಾಕೆ ಅಂತ ಆಯಿಲ್ ಬದಲಾಯಿಸುವುದನ್ನು ಮುಂದೂಡಿದವರ ಗಾಡಿಯೇ ಹೆಚ್ಚು ತಕರಾರು ಮಾಡುವುದು.

ಓಡುತ್ತಿದ್ದ 7.3 ಏಕಾಏಕಿ ನಿಂತುಹೋಯಿತು ಅಂದರೆ ಮೊದಲ ಅನುಮಾನ ಕ್ಯಾಮ್ ಪೊಸಿಷನ್ ಸೆನ್ಸರ್ ಮೇಲೆ. ಇದಕ್ಕೆ ಫೋರ್ಡ್ ರೀಕಾಲ್ ಕೂಡ ಮಾಡಿತ್ತು. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲ್ಲಾಡದೆ ಸೊನ್ನೆಯಲ್ಲೇ ಕೂತಿದ್ದರೆ ಬಹುತೇಕ ಅದೇ. ಎಂಜಿನ್ನಿನ ಮುಂಭಾಗದಲ್ಲಿ ಒಂದೇ ಒಂದು 10 ಎಂಎಂ ಬೋಲ್ಟಿನಲ್ಲಿ ಕೂತಿರುತ್ತದೆ. ಹೊಸದೊಂದು ಸೆನ್ಸರ್ ಮತ್ತು ಒಂದು ಸ್ಪಾನರ್ ಡ್ಯಾಶಿನಲ್ಲಿ ಇಟ್ಟುಕೊಂಡವರು ರಸ್ತೆ ಬದಿಯಲ್ಲೇ ಸರಿ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಇಲ್ಲದವರು ಟೋ ಮಾಡಿಸುತ್ತಾರೆ.

ತಣ್ಣಗಿದ್ದಾಗ ಬಿಳಿ ಹೊಗೆ ಉಗುಳಿಕೊಂಡು ಕಷ್ಟಪಟ್ಟು ಶುರುವಾದರೆ ಗ್ಲೋ ಪ್ಲಗ್‌ಗಳಿಗೆ (ತಣ್ಣಗಿನ ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಪ್ಲಗ್‌ಗಳು) ಕರೆಂಟ್ ಕೊಡುವ ರಿಲೇ ನೋಡಿ. ಅದೂ ಸರಿ ಇದ್ದರೆ ವಾಲ್ವ್ ಕವರಿನ ಒಳಗಿನ ವೈರಿಂಗ್ ಕನೆಕ್ಟರ್ ಸುಟ್ಟಿರಬಹುದು. ಹಿಂದೆ ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ತೊಟ್ಟಿಕ್ಕುತ್ತಿದ್ದರೆ ತಕ್ಷಣ ರಿಯರ್ ಮೇನ್ ಸೀಲ್ (ಎಂಜಿನ್ನಿನ ಹಿಂದಿನ ಆಯಿಲ್ ಸೀಲ್) ಅಂತ ಗೇರ್‌ಬಾಕ್ಸ್ ಇಳಿಸಲು ಬಿಡಬೇಡಿ. ಬೆರಳಲ್ಲಿ ತೊಗೊಂಡು ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ ಮೇಲಿರುವ ಫ್ಯೂಯಲ್ ಫಿಲ್ಟರ್ ಬಟ್ಟಲಿನ ಓ-ರಿಂಗ್ ಸೋರಿ, ಎರಡು ಹೆಡ್‌ಗಳ ಮಧ್ಯದ ಹಳ್ಳದಲ್ಲಿ ಹರಿದು ಹಿಂದೆ ಇಳಿಯುತ್ತಿದೆ ಅಂತ ಅರ್ಥ. ಚಿಲ್ಲರೆ ಕಾಸಿನ ರಿಂಗು. ಹಾಗೆಯೇ ಕ್ಯಾಬಿನ ಮುಂದಿನ ಗೋಡೆಯ ಹತ್ತಿರ ಮಸಿ ಹಿಡಿದಿದ್ದರೆ ಟರ್ಬೊಗೆ ಹೋಗುವ ಎಕ್ಸಾಸ್ಟ್ ಪೈಪು ಸೋರುತ್ತಿದೆ. ಲೋಡ್ ಇದ್ದಾಗ ಗಾಡಿ ಎಳೆಯದಿರಲು ಅದೇ ಕಾರಣ ಆಗಿರಬಹುದು.

ರಾಮ್‌ನ ಕಮಿನ್ಸ್‌ನಲ್ಲಿ ಎಂಜಿನ್ನಿಗಿಂತ ಪಂಪಿನ ಚಿಂತೆ ಜಾಸ್ತಿ. 1998ರ ಮಧ್ಯದಿಂದ 2002ರವರೆಗಿನ 24 ವಾಲ್ವ್ ಎಂಜಿನ್ನಿಗೆ ವಿಪಿ44 ಅನ್ನುವ ಎಲೆಕ್ಟ್ರಾನಿಕ್ ಇಂಜೆಕ್ಷನ್ ಪಂಪು. ಅದನ್ನು ತಣ್ಣಗಿಡುವುದೂ ಡೀಸೆಲ್ಲೇ, ಅದರ ಒಳಗೆ ಜಾರಿಕೆ ಕೊಡುವುದೂ ಡೀಸೆಲ್ಲೇ. ಡೀಸೆಲ್ ಸರಿಯಾಗಿ ಬರದಿದ್ದರೆ ಪಂಪು ಒಣಗಿ ಸಾಯುತ್ತದೆ. ಬರುವಂತೆ ನೋಡಿಕೊಳ್ಳಬೇಕಾದ ಕಂಪನಿಯ ಲಿಫ್ಟ್ ಪಂಪು ಟ್ಯಾಂಕಿನಿಂದ ದೂರ, ಎಂಜಿನ್ ಪಕ್ಕದಲ್ಲಿ ಕೂತು ಎಳೆದು ಎಳೆದು ಸೋಲುತ್ತದೆ. ಲಿಫ್ಟ್ ಪಂಪು ಸತ್ತದ್ದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಗಾಡಿ ಓಡುತ್ತಲೇ ಇರುತ್ತದೆ. ಗೊತ್ತಾಗುವ ಹೊತ್ತಿಗೆ ದುಬಾರಿ ಪಂಪು ಹೋಗಿರುತ್ತದೆ. ಅದಕ್ಕೇ ಈ ಗಾಡಿಯಲ್ಲಿ ಫ್ಯೂಯಲ್ ಪ್ರೆಷರ್ ಗೇಜ್ ಇದೆಯಾ ಅಂತ ನೋಡಿ. ಇದ್ದರೆ ಮಾಲೀಕರಿಗೆ ವಿಷಯ ಗೊತ್ತಿದೆ. ಏರು ಹತ್ತುವಾಗ, ಪೂರ್ತಿ ಆಕ್ಸಲರೇಟರ್ ಒತ್ತಿದಾಗ 10 ಪಿಎಸ್‌ಐ ಸುತ್ತ ಇರಬೇಕು, 5ಕ್ಕಿಂತ ಕೆಳಗೆ ಹೋಗಲೇಬಾರದು. ಸ್ಕ್ಯಾನರಿನಲ್ಲಿ ಪಿ0216 ಕೋಡ್ ಬಂದರೆ ವಿಪಿ44 ಸಾಯುವ ಹಾದಿಯಲ್ಲಿದೆ. ಅದನ್ನು ಬೆಲೆಯಲ್ಲಿ ಕಳೆಯಿರಿ. ಹೊಸ ಪಂಪು ಹಾಕಿಸುವಾಗ ಜೊತೆಗೇ ಟ್ಯಾಂಕಿನ ಹತ್ತಿರ ಕೂರುವ ಒಳ್ಳೇ ಲಿಫ್ಟ್ ಪಂಪು ಹಾಕಿಸದಿದ್ದರೆ ಹೊಸದಕ್ಕೂ ಅದೇ ಗತಿ.

ಬ್ಲಾಕಿನ ಮೇಲೆ ಎರಕದಲ್ಲೇ ಬಂದಿರುವ ನಂಬರನ್ನೂ ಓದಿ. ದೊಡ್ಡದಾಗಿ 53 ಅಂತಿದ್ದರೆ ಅದು ಬಿರುಕು ಬಿಡುವ ಚಾಳಿಯ ಬ್ಲಾಕು. 1999ರಿಂದ 2001ರ ನಡುವಿನ ಕೆಲವು ಗಾಡಿಗಳಲ್ಲಿ ಬಂದಿದೆ. ಎಲ್ಲವೂ ಒಡೆಯುವುದಿಲ್ಲ. ಆದರೆ ಭಾರ ಎಳೆಯಲೆಂದೇ ಕೊಳ್ಳುವವರು ಅದನ್ನು ಬಿಟ್ಟು ಬೇರೆ ನೋಡುವುದು ಒಳ್ಳೆಯದು. ಹಳೇ 12 ವಾಲ್ವ್ ಕಮಿನ್ಸ್ ಸಿಕ್ಕರೆ ಟೈಮಿಂಗ್ ಗೇರ್ ಡಬ್ಬಿಯ ಒಂದು ಸಣ್ಣ ಡವೆಲ್ ಪಿನ್ ಬಗ್ಗೆ ಕೇಳಿ. ಅದು ಅದುರಿ ಅದುರಿ ಜಾಗ ಬಿಟ್ಟು ಗೇರುಗಳ ಮಧ್ಯೆ ಬಿದ್ದರೆ ಎಂಜಿನ್ ಮುಗಿಯಿತು. ಮೊದಮೊದಲ 24 ವಾಲ್ವ್‌ಗಳಲ್ಲೂ ಇದೇ ಪಿನ್ ಇದೆ. ಅದರ ಮೇಲೆ ಒಂದು ಉಕ್ಕಿನ ಪಟ್ಟಿ ಬಿಗಿದರೆ ಆ ಭಯ ಶಾಶ್ವತವಾಗಿ ಹೋಗುತ್ತದೆ. ಅಂದ ಹಾಗೆ, ಆ ಕಾಲದ ರಾಮ್‌ಗಳ ಡ್ಯಾಶ್‌ಬೋರ್ಡು ಬಿಸ್ಕೆಟ್ ಥರ ಮುರಿದಿರುತ್ತದೆ. ಅದನ್ನು ನೋಡಿ ಗಾಡಿ ಹಾಳಾಗಿದೆ ಅಂದುಕೊಳ್ಳಬೇಡಿ, ಎಲ್ಲರದ್ದೂ ಹಾಗೇ.

ರಾಮ್‌ನ ನಿಜವಾದ ದುರ್ಬಲ ಜಾಗ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಎಂಜಿನ್ನಿನ ಎಳೆತಕ್ಕೆ ಅದರ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಸಾಲದು. ಚೆನ್ನಾಗಿ ಬಿಸಿಯಾದ ಮೇಲೆ ಏರಿನಲ್ಲಿ ಓಡಿಸಿ ನೋಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಜಾರುತ್ತಿದೆ. ಹೈವೇನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಆ ಕನ್ವರ್ಟರಿನ ಲಾಕಪ್ ಹಿಡಿಯುವುದು ಬಿಡುವುದು ಮಾಡುತ್ತಿದ್ದರೆ ಗೇರ್‌ಬಾಕ್ಸ್ ಬಿಚ್ಚುವ ಮುಂಚೆ ಆಲ್ಟರ್ನೇಟರ್ ನೋಡಿ. ಅದರ ಡಯೋಡ್ ಕೆಟ್ಟರೆ ಬ್ಯಾಟರಿ ಲೈನಿನಲ್ಲಿ ಎಸಿ ಕರೆಂಟ್ ಸೇರಿ ಕಂಪ್ಯೂಟರಿನ ತಲೆ ಕೆಡಿಸುತ್ತದೆ. ಮಲ್ಟಿಮೀಟರನ್ನು ಎಸಿಗೆ ಇಟ್ಟು ಬ್ಯಾಟರಿ ಮೇಲೆ ಅಳೆಯಿರಿ. 0.1 ವೋಲ್ಟಿಗಿಂತ ಬಹಳ ಜಾಸ್ತಿ ಬಂದರೆ ಆಲ್ಟರ್ನೇಟರೇ ಕಳ್ಳ. ಮ್ಯಾನುಯಲ್ ಐದು ಗೇರಿನ ರಾಮ್ ಕಣ್ಣಿಗೆ ಬಿದ್ದರೆ ಐದನೇ ಗೇರಿನ ನಟ್ಟು ಸಡಿಲವಾಗುವ ರೋಗ ಅದಕ್ಕಿದೆ, ಕೇಳಿ ತಿಳಿದುಕೊಳ್ಳಿ.

ಈಗ ಎಲ್ಲರೂ ಬೈಯುವ 6.0. ಬೈಗುಳಕ್ಕೆ ಕಾರಣ ಇದೆ, ಆದರೆ ಕಾರಣದ ಸರಪಳಿ ತಿಳಿದುಕೊಂಡರೆ ಅಷ್ಟು ಹೆದರಬೇಕಿಲ್ಲ. ಇದರ ಆಯಿಲ್ ಕೂಲರ್ ಎಂಜಿನ್ನಿನ ಮಧ್ಯದ ಹಳ್ಳದಲ್ಲಿ ಕೂತಿದೆ. ಅದರೊಳಗೆ ಕೂಲೆಂಟ್ ಹರಿಯುವ ದಾರಿ ತೀರ ಕಿರಿದು. ಎರಕದ ಮರಳು, ಹಳೇ ಕೂಲೆಂಟಿನ ಗಸಿ ಸೇರಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಮೇಲೆ ಅದರ ಮುಂದಿರುವ ಇಜಿಆರ್ ಕೂಲರಿಗೆ (ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಣಿಸುವ ಭಾಗ) ಕೂಲೆಂಟ್ ಸಾಲುವುದಿಲ್ಲ. ಅಲ್ಲಿ ಕುದಿಯುತ್ತದೆ, ಕೂಲರ್ ಬಿರುಕು ಬಿಡುತ್ತದೆ, ಕೂಲೆಂಟ್ ಎಂಜಿನ್ನಿಗೆ ಹೋಗಿ ಸೈಲೆನ್ಸರಿನಿಂದ ಬಿಳಿ ಹಬೆ ಬರುತ್ತದೆ. ಇದರ ಮೇಲೆ ಯಾರೋ ಪವರ್ ಜಾಸ್ತಿ ಮಾಡಲು ಟ್ಯೂನರ್ ಹಾಕಿ ಒತ್ತಿದ್ದರೆ ಹೆಡ್ ಬೋಲ್ಟುಗಳು ಎಳೆದುಕೊಂಡು ಗ್ಯಾಸ್ಕೆಟ್ ಹಾರುತ್ತದೆ. ಎಲ್ಲರೂ ಬೈಯುವುದು ಕೊನೆಯಲ್ಲಿ ಹಾರಿದ ಗ್ಯಾಸ್ಕೆಟ್ಟನ್ನು. ಶುರುವಾದದ್ದು ಆಯಿಲ್ ಕೂಲರಿನಲ್ಲಿ.

ಇದನ್ನು ಕೊಳ್ಳುವ ಮುಂಚೆಯೇ ಅಳೆಯಬಹುದು, ಅದೇ ಇದರ ಒಳ್ಳೇತನ. ಓಬಿಡಿ ಪೋರ್ಟಿಗೆ ಚುಚ್ಚುವ ಸಣ್ಣ ಬ್ಲೂಟೂತ್ ರೀಡರ್, ಫೋನಿನಲ್ಲಿ ಒಂದು ಆ್ಯಪ್ ಸಾಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸಮತಟ್ಟು ಹೈವೇನಲ್ಲಿ 65 ಮೈಲಿ ವೇಗದಲ್ಲಿ ಸುಮಾರು ಹೊತ್ತು ಓಡಿಸಿ. ಆಯಿಲ್ ಶಾಖ ಕೂಲೆಂಟ್ ಶಾಖಕ್ಕಿಂತ 15 ಡಿಗ್ರಿ ಫ್ಯಾರನ್‌ಹೀಟಿಗಿಂತ ಜಾಸ್ತಿ ಮೇಲಿದ್ದರೆ ಕೂಲರ್ ಕಟ್ಟಿಕೊಳ್ಳುತ್ತಿದೆ. ಅದೇ ಆ್ಯಪಿನಲ್ಲಿ ಎಫ್‌ಐಸಿಎಂ ವೋಲ್ಟೇಜ್ ನೋಡಿ. ಇಂಜೆಕ್ಟರಿಗೆ 48 ವೋಲ್ಟ್ ಕೊಡುವ ಡಬ್ಬಿ ಅದು. ತಣ್ಣಗಿನ ಸ್ಟಾರ್ಟಿನಲ್ಲಿ 45ಕ್ಕಿಂತ ಕೆಳಗೆ ಇಳಿದರೆ ಸೋತಿದೆ. ಸೋತ ಬ್ಯಾಟರಿ ಇದ್ದರೆ 12ನ್ನು 48 ಮಾಡಲು ಈ ಡಬ್ಬಿ ಒದ್ದಾಡಿ ಸುಟ್ಟುಹೋಗುತ್ತದೆ, ಕಡಿಮೆ ವೋಲ್ಟೇಜಿನಲ್ಲಿ ಓಡಿದ ಇಂಜೆಕ್ಟರುಗಳೂ ಹಿಂದೆಯೇ ಹೋಗುತ್ತವೆ. ಬ್ಯಾಟರಿ ವಿಷಯ ಮೊದಲೇ ಎತ್ತಿದ್ದು ಅದಕ್ಕೇ.

ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ರೇಡಿಯೇಟರಿನ ಮೇಲಿನ ಹೋಸ್ ಹಿಚುಕಿ. ರಾತ್ರಿಯಿಡೀ ನಿಂತ ಮೇಲೂ ಗಟ್ಟಿಯಾಗಿದ್ದರೆ ಗ್ಯಾಸ್ಕೆಟ್ ದಾಟಿ ಗ್ಯಾಸ್ ಬರುತ್ತಿದೆ. ಕೂಲೆಂಟ್ ಬಾಟಲಿಯ ಮುಚ್ಚಳದ ಸುತ್ತ ಬಿಳಿ ಪುಡಿ ಹೆಪ್ಪುಗಟ್ಟಿದ್ದರೆ ಅಲ್ಲಿಂದ ಕೂಲೆಂಟ್ ಉಕ್ಕಿದೆ. ಕ್ಯಾಬಿನ ಮುಂದಿನ ಕಂಬದ ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ತೂತುಗಳಿದ್ದರೆ ಅಲ್ಲಿ ಗೇಜೋ ಟ್ಯೂನರೋ ಇತ್ತು, ಮಾರಲು ತೆಗೆದಿದ್ದಾರೆ.

ಇನ್ನೊಂದು ರೋಗ 2005ರಿಂದ 2007ರ 6.0ಗಳಲ್ಲಿ ಜಾಸ್ತಿ. ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗುವ ಗಾಡಿ, ಬಿಸಿಯಾದ ಮೇಲೆ ಬಂಕಿನಲ್ಲಿ ನಿಲ್ಲಿಸಿ ಡೀಸೆಲ್ ಹಾಕಿಸಿ ಹೊರಟರೆ ಸ್ಟಾರ್ಟೇ ಆಗುವುದಿಲ್ಲ. ಅರ್ಧ ದಿನ ಬಿಟ್ಟರೆ ಮತ್ತೆ ಸರಿ. 7.3ರ ಹಾಗೆ ಇದರಲ್ಲೂ ಇಂಜೆಕ್ಟರ್ ನಡೆಯುವುದು ಆಯಿಲ್ಲಿನ ಒತ್ತಡದಿಂದಲೇ, ಆ ಒತ್ತಡ ಕೊಡುವ ಪಂಪಿನ ಎಸ್‌ಟಿಸಿ ಅನ್ನುವ ಫಿಟ್ಟಿಂಗ್ ಬಿಟ್ಟುಕೊಂಡಿರುತ್ತದೆ. ದಪ್ಪಗಿನ ತಣ್ಣನೆ ಆಯಿಲ್ ಸಂದಿಯಲ್ಲಿ ನಿಲ್ಲುತ್ತದೆ, ತೆಳ್ಳಗಾದದ್ದು ಸೋರುತ್ತದೆ, ಅಷ್ಟೇ ವಿಷಯ. ಸುಧಾರಿಸಿದ ಫಿಟ್ಟಿಂಗ್ ಹಾಕಿದರೆ ಮುಗಿಯಿತು.

ಷೆವ್ರೊಲೆ, ಜಿಎಂಸಿ ಕೇಳಿಲ್ಲ, ಆದರೂ ಎರಡು ಮಾತು. 2001ರಿಂದ 2004ರ ಮೊದಲ ಡ್ಯುರಾಮ್ಯಾಕ್ಸ್‌ನಲ್ಲಿ ಇಂಜೆಕ್ಟರ್ ವಾಲ್ವ್ ಕವರಿನ ಒಳಗಿದೆ. ಕೆಟ್ಟರೆ ಡೀಸೆಲ್ ಆಯಿಲ್ಲಿಗೆ ಸೇರಿ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರುತ್ತದೆ. ಪಾರ್ಟಿನಷ್ಟೇ ಕೂಲಿಯೂ ಬೀಳುತ್ತದೆ. ಫೋರ್ ವೀಲ್ ಡ್ರೈವ್ ಆದರೆ ಟ್ರಾನ್ಸ್‌ಫರ್ ಕೇಸಿನೊಳಗಿನ ಪಂಪು ಡಬ್ಬಿಯನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಅದರ ಆಲಿಸನ್ ಗೇರ್‌ಬಾಕ್ಸ್ ಮಾತ್ರ ಬಂಗಾರ.

ಹಾಗಾದರೆ ಯಾವುದು? ತುಕ್ಕಿನ ಪರೀಕ್ಷೆಯಲ್ಲಿ ಒಂದೇ ಪಾಸಾದರೆ ಅದೇ, ಎಂಜಿನ್ ಯಾವುದಾದರೂ ಸರಿ. ಮೂರೂ ಪಾಸಾದರೆ ನನ್ನ ಒಲವು 7.3 ಕಡೆ. ರಿಪೇರಿಗಳು ಸಣ್ಣವು, ಬಹಳಷ್ಟನ್ನು ನೀವೇ ಮಾಡಿಕೊಳ್ಳಬಹುದು. ರಾಮ್ ಬೇಕೆಂದರೆ ಗೇರ್‌ಬಾಕ್ಸಿಗೆ ದುಡ್ಡು ಎತ್ತಿಟ್ಟು ಕೊಳ್ಳಿ. ಮೇಲೆ ಹೇಳಿದ ಅಳತೆಗಳಲ್ಲಿ ಪಾಸಾದ, ಕೆಲಸದ ರಸೀದಿಗಳಿರುವ 6.0 ಮಾತ್ರ, ರಸೀದಿಯೇ ಇಲ್ಲದ 7.3ಗಿಂತ ಎಷ್ಟೋ ಮೇಲು. ಎರಡೂ ಫೋರ್ಡ್‌ಗಳ ವಿಐಎನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ ರೀಕಾಲ್ ಬಾಕಿ ಇದೆಯಾ ನೋಡಿ. ಆ ಕಾಲದ ಎಷ್ಟೋ ಫೋರ್ಡ್‌ಗಳಲ್ಲಿ ಕ್ರೂಸ್ ಕಂಟ್ರೋಲಿನ ಒಂದು ಸ್ವಿಚ್ಚಿಗೆ ಬ್ರೇಕ್ ಆಯಿಲ್ ಸೋರಿ, ನಿಲ್ಲಿಸಿದ ಗಾಡಿಗೂ ಬೆಂಕಿ ಹತ್ತಿದ್ದುಂಟು.

ಕೊಂಡ ಮೇಲೆ ಮೊದಲು ಬ್ರೇಕ್ ಪೈಪು, ಟೈರು, ಸ್ಟಿಯರಿಂಗ್ ಜಾಯಿಂಟು. ಟೈರಿನ ಪಕ್ಕದಲ್ಲಿ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳ ಇರಲಿ, ಹತ್ತು ವರ್ಷ ದಾಟಿದ್ದರೆ ಅದರ ಮೇಲೆ ಟ್ರೇಲರ್ ಎಳೆಯಬೇಡಿ. ಆಮೇಲೆ ಬ್ಯಾಟರಿ, ಕೇಬಲ್ಲು. ಆಮೇಲೆ ಕೂಲೆಂಟ್, ಆಯಿಲ್, ಡೀಸೆಲ್ ಫಿಲ್ಟರ್, ಗೇರ್‌ಬಾಕ್ಸ್ ಆಯಿಲ್. ಇಷ್ಟಾಗುವ ತನಕ ಪವರ್ ಜಾಸ್ತಿ ಮಾಡುವ ಮಾತೇ ಬೇಡ.

ಹೆಡ್ ಸ್ಟಡ್ ಈಗಲೇ ಬೇಡ. 6.0ದಲ್ಲಿ ಹೆಡ್ ಕೆಲಸಕ್ಕೆ ಎಷ್ಟೋ ಕಡೆ ಕ್ಯಾಬನ್ನೇ ಫ್ರೇಮಿನಿಂದ ಎತ್ತಿಬಿಡುತ್ತಾರೆ, ಅಷ್ಟು ದೊಡ್ಡ ಕೂಲಿ ಅದು. ಗ್ಯಾಸ್ಕೆಟ್ ಚೆನ್ನಾಗಿದ್ದು ಟ್ಯೂನರ್ ಇಲ್ಲದಿದ್ದರೆ ಆ ದುಡ್ಡಲ್ಲಿ ಆಯಿಲ್ ಕೂಲರ್ ಬದಲಾಯಿಸಿ, ಅದರ ಜೊತೆಗೇ ಇಜಿಆರ್ ಕೂಲರನ್ನು ಗಟ್ಟಿ ಮಾದರಿಯದಕ್ಕೆ ಬದಲಾಯಿಸಿ, ಕೂಲೆಂಟ್ ಪೂರ್ತಿ ತೊಳೆಸಿ. ಯಾವತ್ತಾದರೂ ಹೆಡ್ ಬಿಚ್ಚಲೇಬೇಕಾಗಿ ಬಂದರೆ ಆಗ ಹಳೇ ಬೋಲ್ಟ್ ಮತ್ತೆ ಹಾಕಲು ಬಿಡಬೇಡಿ, ಸ್ಟಡ್ಡೇ ಹಾಕಿಸಿ. ಹೆಡ್ ಸಮತಟ್ಟಾಗಿದೆಯಾ, ಬಿರುಕಿದೆಯಾ ಅಂತ ಮೆಷಿನ್ ಶಾಪಿನಲ್ಲಿ ಪರೀಕ್ಷೆ ಮಾಡಿಸಿದ ಮೇಲೇ ಮತ್ತೆ ಕೂರಿಸಲಿ.